ಎರಡು ದೊಡ್ಡ ಸೆಲ್ಲಿನ ರೇಡಿಯೋ: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದು ಬಣ್ಣದ ದೀಪ ಮಿನುಗುವ ಬ್ಲೂಟೂತ್ ಸ್ಪೀಕರಿನ ವಿಷಯ ಅಲ್ಲ. ಮುಳ್ಳು ತಿರುಗಿಸಿ ಸ್ಟೇಷನ್ ಹಿಡಿಯುವ, ಹಿಂದೆ ಎರಡು ದೊಡ್ಡ ಸೆಲ್ ಹಾಕುವ ಕರಿ ಬಣ್ಣದ ಸಾದಾ ರೇಡಿಯೋ. 2024ರ ಜೂನ್ ಮೊದಲ ವಾರ ಶಿರಸಿಯ ದೇವಿಕೆರೆ ಹತ್ತಿರದ ಅಂಗಡಿಯಲ್ಲಿ ತಗೊಂಡೆ. 1,350 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದೂ ಉಪಯೋಗ ಇಲ್ಲ, ಅದೇ ಅಚ್ಚಿನ ಡಬ್ಬಿ ಅದೇ ಅಂಗಡಿಯಲ್ಲಿ ಇನ್ನೊಂದು ಹೆಸರಿನಲ್ಲೂ ಇತ್ತು.

ಈ ಕಾಲದಲ್ಲಿ ರೇಡಿಯೋ ಯಾಕೆ ಅಂತ ಕೇಳುವವರು ಒಂದು ಜುಲೈ ತಿಂಗಳು ನಮ್ಮನೆಗೆ ಬರಬೇಕು. ಶಿರಸಿ-ಕುಮಟಾ ರಸ್ತೆ ಬಿಟ್ಟು ಒಳಗೆ, ದೇವಿಮನೆ ಘಟ್ಟ ಇಳಿಯುವುದಕ್ಕಿಂತ ಮೊದಲೇ ಸಿಗುವ ಒಂದು ಕೊಳ್ಳದಲ್ಲಿ ನಮ್ಮ ಮನೆ, ತೋಟ. ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡದಲ್ಲಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಬರುತ್ತದೆ. ದೊಡ್ಡ ಗಾಳಿ ಬೀಸಿ ಎಲ್ಲೋ ಮರ ಬಿತ್ತು ಅಂದರೆ ಕರೆಂಟಿಲ್ಲ. ಇನ್ವರ್ಟರ್ ಒಂದೂವರೆ ದಿನ ತಡೆಯುತ್ತದೆ. ಅಷ್ಟರಲ್ಲಿ ಟವರ್ ಕೂಡ ಸುಮ್ಮನಾಗಿರುತ್ತದೆ. ಆಮೇಲೆ ಮನೆಯಲ್ಲಿ ಮಾತಾಡುವುದು ನಾವು, ಮಳೆ, ಕಪ್ಪೆ.

ಅದಕ್ಕೆ ಅಂತಲೇ ಅದರ ಹಿಂದಿನ ವರ್ಷ ಆನ್‌ಲೈನಿನಲ್ಲಿ 899 ರೂಪಾಯಿ ಕೊಟ್ಟು ಒಂದು ತರಿಸಿದ್ದೆ. ಅದರಲ್ಲಿ ಇಲ್ಲದ್ದು ಇಲ್ಲ. ಟಾರ್ಚು, ಪೆನ್‌ಡ್ರೈವ್, ಬ್ಲೂಟೂತ್, ಬೆನ್ನಿಗೆ ಸೋಲಾರ್ ಬೇರೆ. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲು ಬಿದ್ದರೆ ಮಗಳು ನೋಡಲಿಕ್ಕೆ ಅಂಗಳಕ್ಕೆ ಓಡುತ್ತಾಳೆ, ಅಲ್ಲಿ ಸೋಲಾರ್! ಒಳಗಿದ್ದದ್ದು ಹಳೇ ಮೊಬೈಲಿನಲ್ಲಿ ಇರುತ್ತಿತ್ತಲ್ಲ, ಆ ತರದ ಚಪ್ಪಟೆ ಬ್ಯಾಟರಿ. ಕರೆಂಟು ಹೋದ ಎರಡನೇ ದಿನಕ್ಕೆ ಖಾಲಿ. ಕರೆಂಟಿಲ್ಲದಾಗ ಬೇಕು ಅಂತ ತಂದ ಸಾಮಾನು ಕರೆಂಟಿಲ್ಲದೆ ಸತ್ತುಹೋಯಿತು. ಆ ಬ್ಯಾಟರಿ ಈಗ ಹಪ್ಪಳದ ಹಾಗೆ ಉಬ್ಬಿದೆ. ರೇಡಿಯೋ ಕಪಾಟಿನ ಮೇಲಿದೆ, ಯಾರಿಗಾದರೂ ಟಾರ್ಚು ಬೇಕಿದ್ದರೆ ಹೇಳಿ.

ಈ ಸಲ ಅಂಗಡಿಯವರಿಗೆ ನಾನು ಕೇಳಿದ್ದು ಎರಡೇ. ದೊಡ್ಡ ಸೆಲ್ ಹಾಕಬೇಕು, ಧಾರವಾಡ ಬರಬೇಕು.

ಸೆಲ್ಲಿನ ಮಾತು ಬೇಗ ಮುಗಿಸುತ್ತೇನೆ. ದಿನಕ್ಕೆ ಮೂರು ತಾಸು ಹಾಕಿದರೆ ಎರಡು ತಿಂಗಳ ಹತ್ತಿರ ಬರುತ್ತದೆ. ಕರೆಂಟಿಗೆ ಹಾಕುವ ವಯರೂ ಕೊಟ್ಟಿದ್ದಾರೆ, ನಾವು ಬಳಸುವುದಿಲ್ಲ. ಸಿಡಿಲಿನ ಭಯ.

ಧಾರವಾಡ ಬರುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಧಾರವಾಡ ಆಕಾಶವಾಣಿ ಮೀಡಿಯಂವೇವ್‌ನಲ್ಲಿ 765 ಕಿಲೋಹರ್ಟ್ಸ್. ಈ ರೇಡಿಯೋದ ಅಳತೆಪಟ್ಟಿಯಲ್ಲಿ ಕೊನೆಯ ಸೊನ್ನೆ ಬಿಟ್ಟು ಬರೆದಿದ್ದಾರೆ, 70 ಅಂದರೆ 700. ಆ 70 ಆದ ಮೇಲೆ ನೇರ 80. ನಡುವೆ ಎಲ್ಲೋ ಹುಡುಕಬೇಕು. ಮುಳ್ಳಿಗೂ ಪಟ್ಟಿಗೂ ಹೊಂದಾಣಿಕೆಯೂ ಇಲ್ಲ, 80ರ ಮೇಲೆ ನಿಲ್ಲಿಸಿದರೆ ಧಾರವಾಡ ಬರುತ್ತದೆ. ಮಗಳು ತನ್ನ ಉಗುರಿನ ಬಣ್ಣದಿಂದ ಅಲ್ಲೊಂದು ಕೆಂಪು ಚುಕ್ಕೆ ಇಟ್ಟುಕೊಟ್ಟಳು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಕನ್ನಡಕ ಇಲ್ಲದಿದ್ದರೂ ಆ ಚುಕ್ಕೆ ಕಾಣುತ್ತದೆ.

ಹಗಲಲ್ಲಿ ಧಾರವಾಡದ ಜೊತೆ ಒಂದು ಗುಂಯ್ ಶಬ್ದ ಬರುತ್ತಿತ್ತು. ರೇಡಿಯೋದ್ದೇ ದೋಷ ಅಂದುಕೊಂಡು ವಾಪಸ್ ಕೊಡಲಿಕ್ಕೆ ಡಬ್ಬಿ ಕೂಡ ಹುಡುಕಿಟ್ಟಿದ್ದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗುಂಯ್ ಅನ್ನುವುದು ಕತ್ತರಿಸಿದ ಹಾಗೆ ನಿಂತಿತು. ಕೃಷಿ ಕಾರ್ಯಕ್ರಮದವರು ಪಕ್ಕದ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾರೇನೋ ಅನ್ನುವಷ್ಟು ಸ್ಪಷ್ಟ. ಆಮೇಲೆ ಒಂದೊಂದೇ ಸ್ವಿಚ್ ಹಾಕಿ ಆರಿಸಿ ನೋಡಿದೆ. ಅಡುಗೆಮನೆಯ ಎಲ್‌ಇಡಿ ಬಲ್ಬು, ನನ್ನ ಮೊಬೈಲ್ ಚಾರ್ಜರು, ಇನ್ವರ್ಟರು, ಮೂರೂ ಕಳ್ಳರೇ. ಮೀಡಿಯಂವೇವ್ ಅಲೆಗಳ ಜಾಗದಲ್ಲೇ ಇವು ಗಲಾಟೆ ಎಬ್ಬಿಸುತ್ತವೆ. ಹಾಗಾಗಿ ನಮ್ಮನೆಯಲ್ಲಿ ಕರೆಂಟು ಹೋದರೆ ಬೇಜಾರು ಮಾಡಿಕೊಳ್ಳದ ಸಾಮಾನು ಇದೊಂದೇ.

ಇನ್ನೊಂದು ಗುಟ್ಟು. ಮೀಡಿಯಂವೇವ್‌ಗೆ ಮೇಲಿನ ಕಡ್ಡಿ ಎಷ್ಟು ಎಳೆದರೂ ಪ್ರಯೋಜನ ಇಲ್ಲ, ಅದು ಎಫ್.ಎಂ.ಗೆ. ಮೀಡಿಯಂವೇವ್ ಹಿಡಿಯುವುದು ಒಳಗೆ ಅಡ್ಡ ಮಲಗಿರುವ, ತಂತಿ ಸುತ್ತಿದ ಕರಿ ಕೋಲು. ಅದರ ತುದಿ ಸ್ಟೇಷನ್ ಕಡೆ ಇದ್ದರೆ ಏನೂ ಬರುವುದಿಲ್ಲ, ಅಡ್ಡ ಮಗ್ಗುಲು ಆ ಕಡೆ ಇರಬೇಕು. ಅಂದರೆ ಇಡೀ ರೇಡಿಯೋವನ್ನೇ ತಿರುಗಿಸಬೇಕು. ಆಯಿ ಜಗುಲಿಯ ಕಟ್ಟೆ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದಾಳೆ. ಯಾರಾದರೂ ನೆಲ ಒರೆಸುವಾಗ ಅದನ್ನ ಅಳಿಸಿದರೆ ಆ ದಿನ ಮನೆಯಲ್ಲಿ ಪ್ರದೇಶ ಸಮಾಚಾರ ಬೇರೆಯೇ.

ಎಫ್.ಎಂ. ನಮ್ಮ ಕೊಳ್ಳಕ್ಕೆ ಇಳಿಯುವುದಿಲ್ಲ. ಕಾರವಾರ ಆಕಾಶವಾಣಿ 102.3, ಒಳ್ಳೇ ಸ್ಟೇಷನ್ನು. ಆದರೆ ಎಫ್.ಎಂ. ನೇರ ಹೋಗುವ ಅಲೆ, ನಡುವೆ ಗುಡ್ಡ ಇದ್ದರೆ ಮುಗಿಯಿತು. ನಮ್ಮ ಸೊಪ್ಪಿನ ಬೆಟ್ಟದ ತಲೆಗೆ ರೇಡಿಯೋ ಹೊತ್ತುಕೊಂಡು ಹೋದರೆ ಚೆನ್ನಾಗಿ ಬರುತ್ತದೆ. ಸೊಪ್ಪು ಕಡಿಯುವ ದಿನ ಕೇಳುತ್ತೇನೆ. ತಂಗಿಯ ಮನೆ ಅಂಕೋಲೆಯಲ್ಲಿ, ಅಲ್ಲಿ ಕಡ್ಡಿ ಎಳೆಯದೆಯೇ ಬರುತ್ತದೆ. ನೀವು ಕರಾವಳಿಯವರಾದರೆ ಎಫ್.ಎಂ. ಒಂದೇ ಇರುವುದು ತಗೊಂಡರೂ ಸಾಕು, ಇಷ್ಟೆಲ್ಲ ಒದ್ದಾಟ ಬೇಡ.

ಕರಾವಳಿ ಅಂದಾಗ ನೆನಪಾಯಿತು. ಹವಾಮಾನ ವರದಿಯಲ್ಲಿ ನಾವೂ ಕರಾವಳಿ. ಉತ್ತರ ಕನ್ನಡ ಇಡೀ ಜಿಲ್ಲೆ ಅವರ ಲೆಕ್ಕದಲ್ಲಿ ಕರಾವಳಿ ಕರ್ನಾಟಕ. ಘಟ್ಟದ ಮೇಲೆ ಕೂತಿರುವ ನಮಗೆ ಸಮುದ್ರ ನೋಡಬೇಕಾದರೆ ಬಸ್ಸು ಹತ್ತಬೇಕು. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲಿಕ್ಕೆ ಎರಡು ದಿನ ಹೊಳವು, ಅಂದರೆ ಮಳೆ ಬಿಡುವು ಬೇಕು, ಇಲ್ಲದಿದ್ದರೆ ಕೊಳೆರೋಗ. "ಕರಾವಳಿಯ ಬಹುತೇಕ ಕಡೆ ಮಳೆ" ಅಂದರೆ ಅದು ಭಟ್ಕಳಕ್ಕೋ ನಮಗೋ ಅಂತ ನಾವೇ ಆಕಾಶ ನೋಡಿ ತೀರ್ಮಾನ ಮಾಡಬೇಕು.

ಈ ರೇಡಿಯೋ ತನ್ನ ಸಂಬಳ ದುಡಿದದ್ದು 2024ರ ಜುಲೈ 16ರಂದು. ಮೂರು ದಿನದಿಂದ ಕರೆಂಟಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ವಾರ್ತೆಯಲ್ಲಿ ಅಂಕೋಲೆಯ ಶಿರೂರು ಅಂದರು. ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಿದೆ, ಮಣ್ಣು ಗಂಗಾವಳಿ ನದಿಗೆ ಹೋಗಿದೆ. ನನ್ನ ಭಾವ, ತಂಗಿಯ ಗಂಡ, ವಾರಕ್ಕೆ ನಾಲ್ಕು ದಿನ ಅದೇ ರಸ್ತೆಯಲ್ಲಿ ಕುಮಟೆಗೆ ಹೋಗಿಬರುವವನು. ನಾನು ತುತ್ತು ಬಿಟ್ಟು ಹಲಸಿನ ಮರದ ಬುಡಕ್ಕೆ ಓಡಿದೆ. ಒಂದು ಕಡ್ಡಿಯೂ ಇಲ್ಲ. ಸಂಜೆಯ ವಾರ್ತೆ, ರಾತ್ರಿಯ ವಾರ್ತೆ, ಮರುದಿನ ಬೆಳಗಿನ ವಾರ್ತೆ. ಸಂಖ್ಯೆ ಹೇಳುತ್ತಾರೆ, ಹೆಸರು ಹೇಳುವುದಿಲ್ಲ. ರೇಡಿಯೋದ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ದಿನ. ಕೊನೆಗೆ ಬೈಕ್ ತೆಗೆದುಕೊಂಡು ಹೊರಡುವ ಹೊತ್ತಿಗೆ ಒಂದು ಕಡ್ಡಿ ಬಂತು. ಭಾವ ಮನೆಯಲ್ಲೇ ಇದ್ದ. ಮಳೆ ಜೋರು ಅಂತ ಆ ದಿನ ಹೊರಟೇ ಇರಲಿಲ್ಲವಂತೆ.

ಅಲ್ಲಿಂದ ಆಯಿ ಒಂದೂ ವಾರ್ತೆ ಬಿಡಲಿಲ್ಲ. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದೂ, ನದಿಗೆ ಬಿದ್ದ ಲಾರಿಯ ಡ್ರೈವರ್ ಬದುಕಿ ಬಂದದ್ದೂ ಮನೆಯಲ್ಲಿ ಮೊದಲು ಗೊತ್ತಾದದ್ದು ಅವಳಿಗೆ. ಶಿರೂರಿನ ಕುಸಿತದಲ್ಲಿ ಡ್ರೈವರ್ ಸಮೇತ ನದಿಪಾಲಾದ ಆ ಕೇರಳದ ಲಾರಿ ಸಿಕ್ಕಿತಾ ಅಂತ ದಿನಾ ಕೇಳುತ್ತಿದ್ದಳು. ಸೆಪ್ಟೆಂಬರ್ 25ಕ್ಕೆ ಗಂಗಾವಳಿಯಿಂದ ಅದನ್ನ ಎತ್ತಿದ ಸುದ್ದಿ ಬಂದ ಸಂಜೆ, ದೇವರ ಮುಂದೆ ದೀಪ ಹಚ್ಚಿ ಬಂದು ರೇಡಿಯೋ ಆರಿಸಿದಳು. ರಾತ್ರಿ ಮತ್ತೆ ಹಾಕಲಿಲ್ಲ.

ಟಿ.ವಿ. ವಾರ್ತೆಗೂ ರೇಡಿಯೋ ವಾರ್ತೆಗೂ ವ್ಯತ್ಯಾಸ ನನಗೆ ಕಾಣುವುದು ಇಷ್ಟೇ. ರೇಡಿಯೋದವರಿಗೆ ಹತ್ತು ನಿಮಿಷ ಇದೆ, ಅದರಲ್ಲಿ ದೆಹಲಿಯಿಂದ ಹಿಡಿದು ಕಾರವಾರದವರೆಗೆ ಮುಗಿಸಬೇಕು. ಕೂಗಲಿಕ್ಕೆ ಹೊತ್ತಿಲ್ಲ. ಒಂದೊಂದು ಸಲ ಅದೂ ಕಷ್ಟವೇ. 2024ರ ಅಕ್ಟೋಬರ್ 17ರಂದು ಬೆಂಗಳೂರಿನ ಟೆಸ್ಟ್‌ನಲ್ಲಿ ನ್ಯೂಜಿಲೆಂಡ್ ಎದುರು ಭಾರತ 46 ರನ್ನಿಗೆ ಆಲೌಟ್ ಅಂದರು. ಓದಿದವರು 246 ಅನ್ನುವ ಬದಲು ತಪ್ಪಿ ಓದಿದರು ಅಂತ ನಾನೂ ಪಕ್ಕದ ಮನೆಯ ಹೆಗಡೇರೂ ಮಾತಾಡಿಕೊಂಡೆವು. ಪಾಪ, ಸರಿಯಾಗಿಯೇ ಓದಿದ್ದರು.

ಕ್ರಿಕೆಟ್ಟಿಗೂ ನಮ್ಮನೆ ರೇಡಿಯೋಗೂ ಹಳೇ ನಂಟು. 1996ರ ಮಾರ್ಚ್ 9, ಬೆಂಗಳೂರಲ್ಲಿ ಪಾಕಿಸ್ತಾನದ ಮೇಲೆ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಆಗ ನಾನು ಹೈಸ್ಕೂಲು. ಟಿ.ವಿ. ಇದ್ದ ಮನೆಯಲ್ಲಿ ಕರೆಂಟು ಹೋಗಿ ಎಲ್ಲರೂ ನಮ್ಮ ಜಗುಲಿಗೆ ಬಂದು ಅಪ್ಪಯ್ಯನ ರೇಡಿಯೋ ಸುತ್ತ ಕೂತಿದ್ದರು. ವೆಂಕಟೇಶ್ ಪ್ರಸಾದ್‌ಗೆ ಅಮೀರ್ ಸೊಹೈಲ್ ಬೌಂಡರಿ ಹೊಡೆದ, ಮರು ಚೆಂಡಿಗೇ ಬೌಲ್ಡ್. ನಮಗೆ ಕೇಳಿದ್ದು ಜನರ ಕೂಗು ಮಾತ್ರ. ಸೊಹೈಲ್ ಬ್ಯಾಟು ತೋರಿಸಿ ಕೆಣಕಿದ್ದೆಲ್ಲ ಕಂಡದ್ದು ಎಷ್ಟೋ ದಿನದ ಮೇಲೆ. ಭಾರತ 39 ರನ್ನಿಂದ ಗೆದ್ದಿತು. ಯಾರೋ ಕುಣಿದು ನಮ್ಮ ಕವಳದ ಬಟ್ಟಲು ತುಳಿದರು, ಆ ಬಟ್ಟಲಿನ ಅಂಚು ಇವತ್ತಿಗೂ ಸೊಟ್ಟ.

ಆದರೆ 2025ರ ಜೂನ್ 3ರ ರಾತ್ರಿ, ಆರ್‌ಸಿಬಿ ಫೈನಲ್ ದಿನ, ಈ ರೇಡಿಯೋ ಕೈಕೊಟ್ಟಿತು. ಸಂಜೆಯೇ ಕರೆಂಟು ಹೋಗಿತ್ತು. ಮಗಳು, ನಾನು ಮುಳ್ಳನ್ನ ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿದೆವು. ರಾತ್ರಿ ಹೊತ್ತು ಮೀಡಿಯಂವೇವ್ ಆಕಾಶಕ್ಕೆ ತಾಗಿ ದೂರದೂರದಿಂದ ಬರುತ್ತದೆ. ತಮಿಳು ಬಂತು, ಮಲಯಾಳಂ ಬಂತು, ಯಾವುದೋ ಭಾಷೆಯ ಭಜನೆ ಬಂತು. ಮ್ಯಾಚ್ ಬರಲಿಲ್ಲ. ಅಳುಮುಖ ಮಾಡಿಕೊಂಡೇ ಮಲಗಿದಳು. ಬೆಳಿಗ್ಗೆ ವಾರ್ತೆಯಲ್ಲಿ ಆರು ರನ್ನಿನ ಗೆಲುವು ಅಂದದ್ದೇ ತಡ, ಹಲ್ಲುಜ್ಜುತ್ತಿದ್ದವಳು ಕೂಗಿದ ಕೂಗಿಗೆ ನಾಯಿ ಕೊಟ್ಟಿಗೆಗೆ ಓಡಿತು. 18 ವರ್ಷ ಕಾದು ಸಿಕ್ಕ ಕಪ್. ಅದೇ ದಿನ ಸಂಜೆ ಅದೇ ರೇಡಿಯೋದಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ಕಾಲ್ತುಳಿತದ ಸುದ್ದಿ, ಹನ್ನೊಂದು ಜನ. ಆಯಿ ಮಲ್ಲಿಗೆ ಕಟ್ಟುತ್ತಿದ್ದಳು, ಬಾಳೆನಾರು ಕೈಯಲ್ಲೇ ಉಳಿಯಿತು. ಮಗಳು ಗೋಡೆಗೆ ಬರೆದಿದ್ದ "ಈ ಸಲ ಕಪ್ ನಮ್ದು" ಅನ್ನುವುದನ್ನ ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಯಾರೂ ಹೇಳಿರಲಿಲ್ಲ.

ಇನ್ನು ಸ್ವರದ ವಿಷಯ. ಮಾತು ಚೊಲೊ ಕೇಳುತ್ತದೆ, ತಾಳಮದ್ದಲೆಯ ಅರ್ಥ ಒಂದಕ್ಷರ ಬಿಡದ ಹಾಗೆ. ಆದರೆ ಚಂಡೆ ಬಿತ್ತೋ, ಬಿಸ್ಕತ್ತಿನ ಡಬ್ಬಿ ಬಡಿದ ಹಾಗೆ. ಯಕ್ಷಗಾನ ತಿಳಿದವರಿಗೆ ಅದು ತಡೆಯಲಾಗುವುದಿಲ್ಲ. ಶಾಸ್ತ್ರೀಯ ಸಂಗೀತದಲ್ಲಿ ತಂಬೂರಿ ಪೂರ್ತಿ ಮಾಯ, ಹಾಡುವವರು ಒಬ್ಬರೇ ಕೂತ ಹಾಗೆ. ಗಂಗೂಬಾಯಿ ಹಾನಗಲ್ ಅವರ ದನಿ ಮಾತ್ರ ಈ ಅಂಗೈಯಗಲದ ಸ್ಪೀಕರಿನಲ್ಲೂ ಕುಗ್ಗುವುದಿಲ್ಲ. ಜೋರು ಎಷ್ಟು ಅಂದರೆ, ಮೆಟ್ಟುಗತ್ತಿ ಹಾಕಿಕೊಂಡು ನಾಲ್ಕೈದು ಜನ ಅಡಿಕೆ ಸುಲಿಯುವಾಗ ಕೊನೆಯವರಿಗೂ ಕೇಳುತ್ತದೆ. ಸುಲಿಯುವ ಮಷೀನು ಹಾಕಿದರೆ ಕೇಳುವುದಿಲ್ಲ. ಅದು ರೇಡಿಯೋದ ತಪ್ಪಲ್ಲ.

ಒಂದೇ ಒಂದು ಸಲ ರಿಪೇರಿಗೆ ಹೋಯಿತು. ಒಂದು ದಿನ ಇದ್ದಕ್ಕಿದ್ದ ಹಾಗೆ ಮೂಗ. ಕೆಂಪು ದೀಪ ಉರಿಯುತ್ತದೆ, ದನಿ ಇಲ್ಲ. ಸೆಲ್ ಬದಲಿಸಿದೆ, ಸೆಲ್ಲಿನ ಸ್ಪ್ರಿಂಗಿಗೆ ಹತ್ತಿದ ಹಸಿರು ಕಿಲುಬನ್ನ ಬೆಂಕಿಪೊಟ್ಟಣದ ಮಗ್ಗುಲಿನಲ್ಲಿ ತಿಕ್ಕಿದೆ, ತಟ್ಟಿದೆ, ಬೈದೆ. ಶಿರಸಿಯಲ್ಲಿ ರಿಪೇರಿ ಮಾಡುವವರು ಬಿಚ್ಚಲೂ ಇಲ್ಲ. ಒಂದು ಗುಂಡುಪಿನ್ನು ತಗೊಂಡು ಹೆಡ್‌ಫೋನ್ ಹಾಕುವ ತೂತಿನಿಂದ ಸಣ್ಣಸಣ್ಣ ಮಣ್ಣಿನ ಉಂಡೆ ತೆಗೆದರು. ಕುಂಬಾರ ಹುಳ ಗೂಡು ಕಟ್ಟಿತ್ತು! ಒಳಗೆ ಮಣ್ಣು ಒತ್ತಿದ್ದಕ್ಕೆ ಹೆಡ್‌ಫೋನ್ ಹಾಕಿದ್ದಾರೆ ಅಂದುಕೊಂಡು ರೇಡಿಯೋ ಸ್ಪೀಕರ್ ಬಂದ್ ಮಾಡಿಕೊಂಡಿತ್ತು. ದುಡ್ಡು ತಗೊಳ್ಳಲಿಲ್ಲ, "ಹುಳದ ಹತ್ರ ಬಾಡಿಗೆ ತಗಳಿ" ಅಂದರು. ಈಗ ಆ ತೂತಿಗೆ ಟೇಪ್ ಅಂಟಿಸಿದ್ದೇನೆ. ತಂದ ದಿನವೇ ನೀವೂ ಅಂಟಿಸಿಬಿಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಚಂಡೆಗೆ ಹೋಯಿತು, ಅರ್ಧ ಆ ಅಳತೆಪಟ್ಟಿಗೆ. ಆಯಿಗೂ ಕೇಳಿದೆ, ನೀನು ಎಷ್ಟು ಕೊಡ್ತೆ ಅಂತ.

"ಸೆಲ್ಲು ತಂದ್ಯಾ?" ಅಂದಳು.