ಮೈಸೂರು ಆಕಾಶವಾಣಿಯ ಮಾತುಕತೆ: ಹಳೇ ಕೇಳುಗನ ವಿಮರ್ಶೆ

ನಮ್ಮ ಮನೆಯಲ್ಲಿ ಎಫ್‌ಎಂ 100.6, ಅಂದರೆ ಮೈಸೂರು ಆಕಾಶವಾಣಿ, ಎಷ್ಟೋ ವರ್ಷಗಳಿಂದ ಹಾಡುತ್ತಲೇ ಇದೆ. ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ರೇಡಿಯೊ ಹಾಕುವುದು ಮಾತಿಗೆ. ಹಾಗಾಗಿ ಇಲ್ಲಿ ಬರೆಯುವುದೂ ಅದರ ಬಗ್ಗೆ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಫೋನ್-ಇನ್. ಹುಣಸೂರು, ನಂಜನಗೂಡು ಕಡೆಯಿಂದ ಕರೆ ಬರುತ್ತದೆ. "ನಿಮ್ಮ ರೇಡಿಯೊ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳಿ" ಎಂದು ಒಮ್ಮೆಯಾದರೂ ಹೇಳದೆ ಕಾರ್ಯಕ್ರಮ ಮುಗಿಯುವುದಿಲ್ಲ! ಆಮೇಲೆ ನಡೆಯುವ ಮಾತು ಸೊಗಸು. ಹೊಗೆಸೊಪ್ಪಿನ ಎಲೆ ಹಳದಿಯಾಗುತ್ತಿದೆ ಎಂದರೆ ತಜ್ಞರು ಸೀದಾ ಔಷಧಿ ಹೆಸರು ಹೇಳಿಬಿಡುವುದಿಲ್ಲ. ಯಾವಾಗ ನಾಟಿ ಮಾಡಿದ್ರಿ, ಮಳೆ ಎಷ್ಟಾಯ್ತು ಎಂದು ಕೇಳುತ್ತಾರೆ. ಬೇಸಾಯ ಮಾಡದ ನಾನೂ ಕಿವಿಗೊಟ್ಟು ಕೂರುತ್ತೇನೆ.

ಕಲಾವಿದರ ಸಂದರ್ಶನಗಳಲ್ಲಿ ಅವಸರ ಇಲ್ಲ. ಕಂಸಾಳೆಯವರು ಮಾತಿನ ನಡುವೆ ಹಾಡಿದರೆ ಹಾಡಲು ಬಿಡುತ್ತಾರೆ. ಆದರೆ ಶುರು ಮಾತ್ರ ಯಾವಾಗಲೂ ಹುಟ್ಟೂರು, ವಿದ್ಯಾಭ್ಯಾಸ, ಬಂದ ಪ್ರಶಸ್ತಿ. ಬಯೋಡೇಟಾ ಓದಿದ ಹಾಗೆ. ಕಲೆಯ ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. ಜಂಬೂಸವಾರಿಯ ವೀಕ್ಷಕ ವಿವರಣೆಯಲ್ಲಿ ಈ ಬಿಗು ಇರುವುದಿಲ್ಲ. ಟಿವಿ ಮುಂದೆ ಕೂತರೂ ನಾನು ಅದರ ಸದ್ದು ಅಡಗಿಸಿ ರೇಡಿಯೊ ಹಾಕುತ್ತೇನೆ.

ನನ್ನ ತಕರಾರು ರಾಜಕೀಯದ್ದು. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೇ ಹಾಕಬಹುದು ಅಷ್ಟೆ. ಸಮುದಾಯ ರೇಡಿಯೊಗಳ ಕತೆಯೂ ಅದೇ. ಅಂದರೆ ರೇಡಿಯೊದಲ್ಲಿ ಸುದ್ದಿ ಹೇಳುವ ಹಕ್ಕಿರುವುದು ಒಬ್ಬರಿಗೆ, ಬಾಯಿ ಬಿಗಿಹಿಡಿದು ಮಾತಾಡುವುದೂ ಅವರೇ. ಸರ್ಕಾರಿ ಯೋಜನೆಗಳ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಆ ಯೋಜನೆ ಬೇಕೋ ಬೇಡವೋ ಎಂಬ ಜಗಳ ಕೇಳಿಸುವುದು ಅಪರೂಪ. ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನೇ ತಗೊಳ್ಳಿ. 2009ರಿಂದ ಎಳೆದಾಡುತ್ತಿರುವ ವಿಷಯ. ಕಾಡಿನ ಪರ ಇರುವವರನ್ನೂ ಲಾರಿಯವರನ್ನೂ ಒಟ್ಟಿಗೆ ಕೂರಿಸಿ, ಗುಂಡ್ಲುಪೇಟೆಯವರಿಂದ ಫೋನಿನಲ್ಲಿ ಪ್ರಶ್ನೆ ಕೇಳಿಸಬಹುದಲ್ವಾ? ಹೊಗೆಸೊಪ್ಪಿಗೆ ತೋರಿಸುವ ತಾಳ್ಮೆಯನ್ನು ಇದಕ್ಕೂ ತೋರಿಸಿದರೆ ಸಾಕು, ಟಿವಿಯ ಕಿರುಚಾಟ ಬೇಡವೇ ಬೇಡ.

ಇದು ಅತಿಯಾಸೆ ಎನ್ನುವವರಿಗೆ ಒಂದು ಮಾತು. 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಶುರು ಮಾಡಿದ್ದು ಸರ್ಕಾರ ಅಲ್ಲ. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಇಡೀ ದೇಶದ ರೇಡಿಯೊ ಆಮೇಲೆ ಆ ಹೆಸರನ್ನೇ ಇಟ್ಟುಕೊಂಡಿತು.

ನನ್ನ ಅಂಕ ಐದಕ್ಕೆ ಮೂರೂವರೆ. ಫೋನ್-ಇನ್ ಒಂದಕ್ಕೇ ಆದರೆ ಐದು. ಹೊರಗಿನ ಊರಿನವರು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಕೇಳಬಹುದು. ಅದರಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ, ವಾರ್ತೆ ಕೇಳಿಕೊಂಡು ಗಡಿಯಾರ ಸರಿ ಮಾಡಲು ಹೋಗಬೇಡಿ.