ರಾ ಫೈಲ್ ಓಪನ್ ಆಗ್ತಿಲ್ಲ ಅಂತ ರಿಕವರಿ ಅಂಗಡಿಗೆ ಓಡಬೇಡಿ, ಮೊದಲು ಇದನ್ನು ಓದಿ

ಮದುವೆ ಸೀಸನ್ನಿನಲ್ಲಿ ಎರಡನೇ ಕ್ಯಾಮೆರಾ ಬಾಡಿಗೆಗೆ ತರುವ ಸ್ಟುಡಿಯೋದವರೆಲ್ಲ ದಯವಿಟ್ಟು ಓದಿ. ಫೋಟೋ ತಿದ್ದುವ ಅಡೋಬಿ ಲೈಟ್‌ರೂಮ್ ಒಂದು ರಾ ಫೈಲನ್ನು (ಜೆಪೆಗ್ ಆಗುವ ಮೊದಲು ಸೆನ್ಸರಿನಿಂದ ಬಂದ ಮೂಲ ಚಿತ್ರ) ತೆರೆಯಲಿಲ್ಲ ಅಂದ ಮಾತ್ರಕ್ಕೆ ಆ ಫೈಲ್ ಕೆಟ್ಟಿದೆ ಅಂತಲ್ಲ. ಇದೊಂದು ವಿಷಯ ಆ ಹೊತ್ತಿಗೆ ತಲೆಗೆ ಹೊಳೆಯದೆ ₹9,500 ಕಳೆದುಕೊಂಡಿದ್ದೀನಿ. ದುಡ್ಡಿಗಿಂತ ಹೆಚ್ಚಾಗಿ, ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವನು ಇಷ್ಟು ಸುಲಭವಾಗಿ ನಂಬಿದೆನಲ್ಲ ಅಂತ ನಾಚಿಕೆ ಆಗ್ತಿದೆ.

ಆಗಿದ್ದಿಷ್ಟು. ಒಂದೇ ಮದುವೆ, ಎರಡು ಕ್ಯಾಮೆರಾ. ಒಂದು ಸ್ಟುಡಿಯೋದ ಸೋನಿ ಎ7 ಟೂ, ಇನ್ನೊಂದು ಬಾಡಿಗೆಯ ಎ7 ತ್ರೀ. ಎರಡರ ಫೈಲೂ ಎಆರ್‌ಡಬ್ಲ್ಯೂ, ಅಂದರೆ ಸೋನಿಯ ರಾ. ಕಂಪ್ಯೂಟರಿನಲ್ಲಿ ಇರೋದು ಲೈಟ್‌ರೂಮ್ 6, ತಿಂಗಳ ಚಂದಾ ಇಲ್ಲದೆ ಒಂದೇ ಸಲ ದುಡ್ಡು ಕೊಟ್ಟು ತಗೊಂಡದ್ದು. ಎ7 ಟೂ ಫೈಲುಗಳು ಎಲ್ಲಾ ಬಂದವು. ಎ7 ತ್ರೀಯ 1,140 ಫೈಲುಗಳಲ್ಲಿ ಒಂದೇ ಒಂದೂ ಬರಲಿಲ್ಲ. ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ ಎಲ್ಲ ಆ ಕಾರ್ಡಿನಲ್ಲೇ. ಒಂದೇ ಎಕ್ಸ್‌ಟೆನ್ಶನ್, ಒಂದೇ ಕಂಪ್ಯೂಟರ್, ಆ ಕಡೆಯವು ತೆರೀತವೆ, ಈ ಕಡೆಯವು ತೆರೆಯಲ್ಲ ಅಂದಾಗ ಯಾರಿಗಾದರೂ ಕಾರ್ಡಿನ ಮೇಲೇ ಅನುಮಾನ ಬರುತ್ತೆ. ಅಲ್ಲೇ ತಪ್ಪಿದ್ದು.

ಅಂಗಡಿಯ ಹೆಸರು ಬರೆಯಲ್ಲ. ಲೈಟ್‌ರೂಮಿನಲ್ಲಿ ಬಂದ ಸಾಲಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಫೈಲ್ "ಅನ್‌ಸಪೋರ್ಟೆಡ್ ಆರ್ ಡ್ಯಾಮೇಜ್ಡ್" ಅಂತ ಇತ್ತು. ಆತ "ಡ್ಯಾಮೇಜ್ಡ್" ಅನ್ನೋ ಪದದ ಮೇಲೆ ಬೆರಳಿಟ್ಟು, "ನೋಡಿ ಸರ್, ನಿಮ್ಮ ಸಾಫ್ಟ್‌ವೇರೇ ಹೇಳ್ತಿದೆ. ಹೆಡರ್ ಹೋಗಿದೆ. ಒಂದೊಂದೇ ಫೈಲ್ ಕೂತು ಕಟ್ಟಬೇಕು, ಮೂರು ದಿನ ಬೇಕು" ಅಂದ. (ಹೆಡರ್ ಅಂದರೆ ಫೈಲಿನ ಮೊದಲಲ್ಲಿರುವ, ಅದರ ಮಾಹಿತಿ ಬರೆದ ಭಾಗ.) "ಡ್ಯಾಮೇಜ್ಡ್"ಗಿಂತ ಮೊದಲೇ ಇದ್ದ "ಅನ್‌ಸಪೋರ್ಟೆಡ್" ಅನ್ನೋ ಪದವನ್ನು ಆತ ಓದಲಿಲ್ಲ. ನಾನೂ ಓದಲಿಲ್ಲ. ಇದು ಯಾವ ಕ್ಯಾಮೆರಾ, ಯಾವ ಲೈಟ್‌ರೂಮ್ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಕೇಳದೇ ಇದ್ದಾಗಲೇ ಕಾರ್ಡ್ ವಾಪಸ್ ತಗೊಂಡು ಎದ್ದು ಬರಬೇಕಿತ್ತು. ಮುಂಗಡ ₹3,000 ಕೊಟ್ಟು ಬಂದೆ.

ನಾಲ್ಕನೇ ದಿನ ಪೆನ್‌ಡ್ರೈವ್ ಕೊಟ್ಟ. ಉಳಿದ ₹6,500 ತಗೊಂಡ. ಅಂಗಡಿಯ ಪರದೆ ಮೇಲೆ ಸಾಲಾಗಿ ಸಣ್ಣ ಚಿತ್ರಗಳು, 1,140ಕ್ಕೆ 1,140. ಜೀವ ಬಂದ ಹಾಗಾಯ್ತು. ಮನೆಗೆ ಬಂದು ಫೋಟೋಶಾಪಿನಲ್ಲಿ ಧಾರೆಯ ಒಂದು ಚಿತ್ರ ತೆಗೆದು ಮದುಮಗಳ ಬಾಸಿಂಗದ ಮೇಲೆ ಝೂಮ್ ಮಾಡಿದೆ. ಮುತ್ತುಗಳು ದುಂಡಗೆ ಕಾಣಲಿಲ್ಲ, ಚೌಕ ಚೌಕವಾಗಿ ಒಡೆದುಕೊಂಡವು. ಸೀರೆಯ ಜರಿ ಒಂದೇ ಹಳದಿ ಪಟ್ಟಿ. ಇಮೇಜ್ ಸೈಜ್ ನೋಡಿದರೆ 1616 × 1080. ಆ ಕ್ಯಾಮೆರಾ ತೆಗೆಯೋದು 6000 × 4000. ಫೈಲುಗಳು ಎಲ್ಲವೂ ಜೆಪೆಗ್, ಒಂದೊಂದೂ ಒಂದು ಎಂಬಿಯೂ ಇಲ್ಲ.

1616 × 1080 ಅನ್ನೋ ಆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಪ್ರತಿ ರಾ ಫೈಲಿನ ಒಳಗೂ ಕ್ಯಾಮೆರಾ ಒಂದು ಸಿದ್ಧ ಜೆಪೆಗ್ ಇಟ್ಟಿರುತ್ತೆ, ಹಿಂದಿನ ಪರದೆಯಲ್ಲಿ ತೋರಿಸೋಕೆ. ಎ7 ತ್ರೀಯಲ್ಲಿ ಅದರ ಅಳತೆ ಇಷ್ಟೇ. ರಾ ಮಾತ್ರ ತೆಗೆದು ಕ್ಯಾಮೆರಾದಲ್ಲೇ ಫೋಕಸ್ ನೋಡೋಕೆ ಹೋದವರಿಗೆ ಆ ಮಸುಕು ಗೊತ್ತೇ ಇರುತ್ತೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ತಂತ್ರಾಂಶಕ್ಕೆ ಒಂದು ಸಾಲಿನ ಆದೇಶ ಕೊಟ್ಟರೆ ಇಡೀ ಫೋಲ್ಡರಿನ ಫೈಲುಗಳಿಂದ ಈ ಜೆಪೆಗ್‌ಗಳನ್ನು ಕಿತ್ತು ಪಕ್ಕಕ್ಕಿಡುತ್ತೆ. ನಿಮಿಷಗಳ ಕೆಲಸ. ಮೂರು ದಿನ ಕೂತು "ಹೆಡರ್ ಕಟ್ಟಿದ್ದು" ಅಂದರೆ ಇದು. ಇನ್ನೂ ಹೊಟ್ಟೆ ಉರಿಯೋದು ಯಾಕೆಂದರೆ, ಒಳಗಿನ ಜೆಪೆಗ್ 1,140ಕ್ಕೆ 1,140 ಫೈಲಿನಿಂದಲೂ ಸರಿಯಾಗಿ ಹೊರಬಂತು ಅಂದಮೇಲೆ ಆ ಫೈಲುಗಳ ಹೆಡರ್ ಹೋಗಿರಲಿಲ್ಲ ಅಂತ ಆತನಿಗೆ ಮೊದಲ ದಿನವೇ ತಿಳಿದಿರಬೇಕು.

ಆಲ್ಬಂಗೆ ಇದು ಯಾವುದಕ್ಕೂ ಬರಲ್ಲ. 12×36 ಶೀಟ್ 300 ಡಿಪಿಐ ಅಂದರೆ 10800 × 3600 ಪಿಕ್ಸೆಲ್ ಬೇಕು. 1616 ಪಿಕ್ಸೆಲ್ ಆ ಲೆಕ್ಕದಲ್ಲಿ ಐದೂವರೆ ಇಂಚೂ ತುಂಬಲ್ಲ. ಮೇಲಾಗಿ ಛತ್ರದ ಹಳದಿ ಲೈಟು ಆ ಜೆಪೆಗ್‌ನಲ್ಲಿ ಬೆಂದು ಕೂತುಬಿಟ್ಟಿರುತ್ತೆ. ವೈಟ್ ಬ್ಯಾಲೆನ್ಸ್ ಎಳೆದರೆ ಮುಖದ ಬಣ್ಣ ಒಡೆಯುತ್ತೆ, ಸುಟ್ಟುಹೋದ ಬಿಳಿ ಪಂಚೆಯ ವಿವರ ವಾಪಸ್ ಬರಲ್ಲ. ರಾ ತೆಗೆದದ್ದೇ ಇದಕ್ಕೋಸ್ಕರ.

ವಾಪಸ್ ಹೋಗಿ ಕೇಳಿದಾಗ ಬಂದ ಉತ್ತರಗಳು, ಇದ್ದ ಹಾಗೇ ಬರೀತೀನಿ. "ಸರ್, ರಾ ಫೈಲ್ ಡ್ಯಾಮೇಜ್ ಆದಮೇಲೆ ರಿಕವರಿ ಆಗಿ ಬರೋದು ಜೆಪೆಗ್ಗೇ." ಸುಳ್ಳು. "ಮೊಬೈಲಲ್ಲಿ ನೋಡಿ, ಚೆನ್ನಾಗೇ ಇದೆಯಲ್ಲ." 1616 ಪಿಕ್ಸೆಲ್ ಮೊಬೈಲಿಗೆ ಸಾಕು, ಆಲ್ಬಂ ಮೊಬೈಲಿನಲ್ಲಿ ಅಚ್ಚಾಗಲ್ಲ. "ಬೇಕಿದ್ರೆ ನಾವೇ ದೊಡ್ಡದು ಮಾಡಿಕೊಡ್ತೀವಿ, ಫೋಟೋಗೆ ಐದು ರೂಪಾಯಿ." ಇದನ್ನು ಕೇಳಿದಾಗ ಕೈ ನಡುಗಿತು. ಕೊನೆಗೆ, "ಲ್ಯಾಬ್ ಚಾರ್ಜ್ ರಿಫಂಡ್ ಆಗಲ್ಲ ಸರ್, ಬಿಲ್ ಹಿಂದೆ ಬರೆದಿದೆ." ಬಿಲ್ಲಿನ ಮುಂದೆ ಬರೆದಿರೋದು "ಡೇಟಾ ರಿಕವರಿ – 1" ಅಂತ ಮಾತ್ರ. ಎಷ್ಟು ಫೈಲು, ಯಾವ ಫಾರ್ಮ್ಯಾಟು, ಯಾವ ಅಳತೆ, ಏನೂ ಇಲ್ಲ.

ನಿಜವಾದ ಕಾರಣ ಹೇಳಿದ್ದು ಕ್ಯಾಮೆರಾ ಬಾಡಿಗೆಗೆ ಕೊಡುವ ಹುಡುಗ, ಅದೂ ಫೋನಿನಲ್ಲಿ, ಅರ್ಧ ನಿಮಿಷದಲ್ಲಿ: "ಅಣ್ಣ, ಲೈಟ್‌ರೂಮ್ ಸಿಕ್ಸಾ? ಅದರಲ್ಲಿ ಎ7 ತ್ರೀ ಬರಲ್ಲ, ಡಿಎನ್‌ಜಿ ಮಾಡ್ಕೊಳ್ಳಿ." ಡಿಎನ್‌ಜಿ ಅಂದರೆ ಅಡೋಬಿಯದೇ ರಾ ಫಾರ್ಮ್ಯಾಟ್, ಹಳೇ ಲೈಟ್‌ರೂಮಿಗೂ ತೆರೆಯೋಕೆ ಬರುವಂಥದ್ದು.

ಲೈಟ್‌ರೂಮ್ 6ರ ಕೊನೆಯ ಅಪ್‌ಡೇಟ್ 6.14, ಬಂದದ್ದು 2017ರ ಡಿಸೆಂಬರ್. ಎ7 ತ್ರೀ ಬಂದದ್ದು 2018ರಲ್ಲಿ. ಹುಟ್ಟದೇ ಇದ್ದ ಕ್ಯಾಮೆರಾದ ಫೈಲನ್ನು ಆ ಲೈಟ್‌ರೂಮ್ ಹೇಗೆ ಗುರುತಿಸುತ್ತೆ? ಎಆರ್‌ಡಬ್ಲ್ಯೂ ಅನ್ನೋ ಹೆಸರು ಒಂದೇ ಇದ್ದರೂ ಪ್ರತಿ ಮಾದರಿಯ ಸೆನ್ಸರ್, ಬಣ್ಣದ ಲೆಕ್ಕ ಬೇರೆ. ಸಾಫ್ಟ್‌ವೇರ್ ಫೈಲಿನ ಒಳಗೆ ಬರೆದಿರುವ ಮಾದರಿಯ ಹೆಸರು ನೋಡಿ, ತನ್ನ ಪಟ್ಟಿಯಲ್ಲಿ ಇಲ್ಲ ಅಂದರೆ ಬಾಗಿಲು ಹಾಕುತ್ತೆ. ಎ7 ಟೂ ಪಟ್ಟಿಯಲ್ಲಿತ್ತು, ಎ7 ತ್ರೀ ಇರಲಿಲ್ಲ. ಅಷ್ಟೇ ಸಮಸ್ಯೆ. ಕಾರ್ಡೂ ಸರಿ, ಫೈಲೂ ಸರಿ, ಹೆಡರೂ ಸರಿ.

ಪರಿಹಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ, ಅದನ್ನು ಅಡೋಬಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಎ7 ತ್ರೀಗೆ ಆವೃತ್ತಿ 10.3 ಅಥವಾ ಅದಕ್ಕಿಂತ ಹೊಸದು ಸಾಕು. ಹಳೇ ವಿಂಡೋಸ್ 7 ಇಟ್ಟುಕೊಂಡವರು ಹೊಸದು ಕೂರಲಿಲ್ಲ ಅಂತ ಕೈಬಿಡಬೇಡಿ, ಹಳೇ ಆವೃತ್ತಿ ಹುಡುಕಿ. ಮೊದಲು ಕಾರ್ಡಿನ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಕಾರ್ಡಿನಿಂದ ನೇರ ಕನ್ವರ್ಟ್ ಮಾಡಬೇಡಿ. ಕನ್ವರ್ಟರಿನ ಮೊದಲ ಭಾಗದಲ್ಲಿ ಫೋಲ್ಡರ್ ಆರಿಸಬೇಕು. ಫೋಲ್ಡರ್ ಒಳಗೆ ಹೋದರೆ ಖಾಲಿ ಕಾಣುತ್ತೆ, ಎಷ್ಟೋ ಜನ ಇಲ್ಲೇ ಫೈಲ್ ಮಾಯ ಆಯ್ತು ಅಂತ ಗಾಬರಿ ಬೀಳ್ತಾರೆ. ಅದು ಫೋಲ್ಡರ್ ಮಾತ್ರ ತೋರಿಸುತ್ತೆ, ಫೈಲ್ ತೋರಿಸಲ್ಲ, ಅಷ್ಟೇ. ಒಳಗೆ ಇನ್ನೂ ಫೋಲ್ಡರುಗಳಿದ್ದರೆ ಸಬ್‌ಫೋಲ್ಡರ್ ಟಿಕ್ ಹಾಕಿ. ಎರಡನೇ ಭಾಗದಲ್ಲಿ ಬೇರೆಯೇ ಫೋಲ್ಡರ್ ಕೊಡಿ. ಮೂರನೆಯದರಲ್ಲಿ ಹೆಸರು ಇದ್ದ ಹಾಗೇ ಇರಲಿ.

ಮುಖ್ಯವಾದದ್ದು ಕೊನೆಯ ಪ್ರಿಫರೆನ್ಸಸ್. ಅಲ್ಲಿ ಕಂಪ್ಯಾಟಿಬಿಲಿಟಿ ಅಂತ ಇದೆ. ಅದನ್ನು ಇದ್ದ ಹಾಗೇ ಹೊಸ ಆವೃತ್ತಿಗೆ ಬಿಟ್ಟರೆ ಹಳೇ ಲೈಟ್‌ರೂಮ್ ಆ ಡಿಎನ್‌ಜಿಯನ್ನೂ ತೆರೆಯದೇ ಹೋಗಬಹುದು, ಆಗ ಮತ್ತೆ "ಫೈಲೇ ಕೆಟ್ಟಿದೆ" ಅಂತ ಅಂಗಡಿಗೆ ಓಡ್ತೀರಿ. ಲೈಟ್‌ರೂಮ್ 6ಕ್ಕೆ "ಕ್ಯಾಮೆರಾ ರಾ 7.1 ಅಂಡ್ ಲೇಟರ್" ಆರಿಸಿ (ಕ್ಯಾಮೆರಾ ರಾ ಅಂದರೆ ಅಡೋಬಿ ಸಾಫ್ಟ್‌ವೇರಿನಲ್ಲಿ ರಾ ಫೈಲ್ ತೆರೆಯುವ ಭಾಗ). ಲಾಸಿ ಕಂಪ್ರೆಶನ್ (ವಿವರ ಕಳೆದು ಗಾತ್ರ ಇಳಿಸೋದು) ಟಿಕ್ ತೆಗೆಯಿರಿ. ಎಂಬೆಡ್ ಒರಿಜಿನಲ್ ಅನ್ನೋದೂ ಬೇಡ, ಅದು ಮೂಲ ಫೈಲನ್ನೂ ಒಳಗೆ ತುಂಬಿ ಗಾತ್ರ ಎರಡರಷ್ಟು ಮಾಡುತ್ತೆ. 1,140 ಫೈಲಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. 6000 × 4000, ಬಾಸಿಂಗದ ಒಂದೊಂದು ಮುತ್ತೂ ಸ್ಪಷ್ಟ. ಮೂಲ ಎಆರ್‌ಡಬ್ಲ್ಯೂ ಅಳಿಸಬೇಡಿ, ಬೇರೆ ಡಿಸ್ಕಿನಲ್ಲಿ ಇಟ್ಟಿರಿ.

ಇದು ಸೋನಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಕ್ಯಾನನ್‌ನ ರಾ ಫಾರ್ಮ್ಯಾಟ್ ಸಿಆರ್3 ಬಂದದ್ದು 2018ರಲ್ಲಿ, ಎಂ50 ಕ್ಯಾಮೆರಾ ಜೊತೆ. ಲೈಟ್‌ರೂಮ್ 6ರಲ್ಲಿ ಯಾವ ಸಿಆರ್3ಯೂ ತೆರೆಯಲ್ಲ. ಫೋಟೋಶಾಪ್ ಸಿಎಸ್6ಗೆ ಕ್ಯಾಮೆರಾ ರಾ 9.1.1 ಕೊನೆ, ಅದು 2015ರದ್ದು. ನಮ್ಮ ಕಡೆ ಎಷ್ಟು ಸ್ಟುಡಿಯೋಗಳಲ್ಲಿ ಇವತ್ತಿಗೂ ಸಿಎಸ್6 ಇದೆ ಅಂತ ಎಲ್ಲರಿಗೂ ಗೊತ್ತು. ನಿಕಾನ್ ಝೆಡ್9, ಝೆಡ್8ನಲ್ಲಿ ಹೈ ಎಫಿಷಿಯೆನ್ಸಿ ರಾ ಇಟ್ಟು ತೆಗೆದರೆ ಹಳೇ ಸಾಫ್ಟ್‌ವೇರ್ ಮತ್ತು ಕೆಲವು ಉಚಿತ ಸಾಫ್ಟ್‌ವೇರ್ ಕೈಚೆಲ್ಲುತ್ತವೆ. ಬೇರೆಯವರ ಕಂಪ್ಯೂಟರಿಗೆ ಕೊಡೋದಿದ್ದರೆ ಲಾಸ್‌ಲೆಸ್ ಕಂಪ್ರೆಸ್ಡ್ ಇಡಿ.

ಹಾಗಾದರೆ ನಿಜವಾಗಿ ಕೆಟ್ಟ ಫೈಲ್ ಗೊತ್ತಾಗೋದು ಹೇಗೆ? ಗಾತ್ರ ನೋಡಿ. ಎ7 ತ್ರೀಯಲ್ಲಿ ಕಂಪ್ರೆಸ್ಡ್ ರಾ ಒಂದೊಂದೂ ಹೆಚ್ಚುಕಮ್ಮಿ 24 ಎಂಬಿ, ಎಲ್ಲವೂ ಬಹುತೇಕ ಒಂದೇ ಅಳತೆ. ಅನ್‌ಕಂಪ್ರೆಸ್ಡ್ ಅದರ ಎರಡರಷ್ಟು. ನಡುವೆ ಯಾವುದೋ ಒಂದು 0 ಕೆಬಿ, ಒಂದು 3 ಎಂಬಿ ಇದ್ದರೆ ಅದು ಅರ್ಧಕ್ಕೇ ನಿಂತ ಕಾಪಿ. ಕೆಟ್ಟ ಫೈಲುಗಳು ಅಲ್ಲೊಂದು ಇಲ್ಲೊಂದು ಇರುತ್ತವೆ, ಅಥವಾ ಚಿತ್ರದ ಕೆಳಗಿನ ಅರ್ಧ ಬೂದು, ಇಲ್ಲವೇ ನೇರಳೆ ಪಟ್ಟೆ ಆಗಿರುತ್ತೆ. ಒಂದು ಕ್ಯಾಮೆರಾದ್ದು ಒಂದೂ ಬಿಡದೆ ಎಲ್ಲವೂ ತೆರೆಯುತ್ತಿಲ್ಲ, ಗಾತ್ರ ಮಾತ್ರ ಸರಿಯಿದೆ ಅಂದರೆ ಮೊದಲು ಸಾಫ್ಟ್‌ವೇರನ್ನೇ ಅನುಮಾನಿಸಿ. ಕಂಪನಿಯವರದ್ದೇ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ: ಸೋನಿಗೆ ಇಮೇಜಿಂಗ್ ಎಡ್ಜ್, ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್ಎಕ್ಸ್ ಸ್ಟುಡಿಯೋ. ಮೂರೂ ಉಚಿತ. ಎಡಿಟ್ ಪರದೆಯಲ್ಲಿ 100% ಝೂಮ್ ಮಾಡಿದಾಗ ಚಿತ್ರ ಪೂರ್ತಿ ಸ್ಪಷ್ಟ ಬಂದರೆ ನಿಮ್ಮ ಫೈಲಿಗೆ ಏನೂ ಆಗಿಲ್ಲ. ವಿಂಡೋಸ್ ಫೋಲ್ಡರಿನ ಸಣ್ಣ ಚಿತ್ರ ನೋಡಿ ನಿರ್ಧಾರ ಮಾಡಬೇಡಿ, ಅದು ಆ ಒಳಗಿನ ಜೆಪೆಗ್ಗೇ ಆಗಿರಬಹುದು.

ನಿಜಕ್ಕೂ ಅರ್ಧ ಕಾಪಿ ಆಗಿದ್ದರೂ ಮೊದಲ ಅನುಮಾನ ಕಾರ್ಡ್ ರೀಡರ್ ಮೇಲೆ. ಬೇರೆ ರೀಡರ್, ಬೇರೆ ಯುಎಸ್‌ಬಿ ಪೋರ್ಟ್ ಹಾಕಿ ಮತ್ತೆ ಕಾಪಿ ಮಾಡಿ. ಕಟ್-ಪೇಸ್ಟ್ ಯಾವತ್ತೂ ಬೇಡ. ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿಯೇ ಕಂಪ್ಯೂಟರಿಗೆ ಹಾಕಿ. ವಿಂಡೋಸ್ "ಸ್ಕ್ಯಾನ್ ಅಂಡ್ ಫಿಕ್ಸ್" ಅಂತ ಕೇಳಿದರೆ ಒತ್ತಬೇಡಿ, ಆ ರಿಪೇರಿಯಲ್ಲಿ ಫೋಟೋಗಳು ಹೆಸರು ಕಳೆದುಕೊಂಡು ತುಂಡು ತುಂಡಾಗಬಹುದು. ಅಳಿಸಿಹೋದದ್ದಕ್ಕೆ ಫೋಟೋರೆಕ್ ಉಚಿತ ಇದೆ, ಸೇವ್ ಮಾಡೋದು ಮಾತ್ರ ಬೇರೆ ಡಿಸ್ಕಿಗೆ. ಅಗ್ಗದ ಕಾರ್ಡಾದರೆ ಅದರ ನಿಜವಾದ ಗಾತ್ರ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಆದರೆ ಕಾರ್ಡ್ ಖಾಲಿ ಇರುವಾಗ. 128 ಜಿಬಿ ಅಂತ ಬರೆದ ನಕಲಿ ಕಾರ್ಡುಗಳಲ್ಲಿ ಒಳಗೆ ಅಷ್ಟು ಜಾಗ ಇರಲ್ಲ.

ಇಷ್ಟೆಲ್ಲ ಆದಮೇಲೂ ಅಂಗಡಿಗೆ ಹೋಗಲೇಬೇಕಾದರೆ ಬಿಲ್ಲಿನಲ್ಲಿ ಫೈಲಿನ ಫಾರ್ಮ್ಯಾಟ್, ಸಂಖ್ಯೆ, ಪಿಕ್ಸೆಲ್ ಅಳತೆ ಬರೆಸಿ. ಮೊದಲು ಐದು ಫೈಲ್ ಮಾಡಿಕೊಡಿ ಅನ್ನಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ 100%ಗೆ ಝೂಮ್ ಮಾಡಿ ನೋಡದೆ ಬಾಕಿ ಕೊಡಬೇಡಿ. ಯಾವ ಕ್ಯಾಮೆರಾ ಅಂತ ಕೇಳದವನ ಹತ್ತಿರ ಕಾರ್ಡ್ ಬಿಡಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ದುಡ್ಡಿನ ಮಾತು ಹಾಗಿರಲಿ, ಆ ಮದುವೆ ಮನೆಯವರ 1,140 ಫೋಟೋಗಳು, ಹೆಣ್ಣುಮಕ್ಕಳ ಅಲಂಕಾರದ ಕೋಣೆಯ ಚಿತ್ರಗಳೂ ಸೇರಿ, ಆ ಅಂಗಡಿಯ ಕಂಪ್ಯೂಟರಿನಲ್ಲಿವೆ. ಅಳಿಸಿದ್ದೇವೆ ಅಂತ ಬರೆದು ಕೊಡಿ ಅಂತ ಮೂರು ಸಲ ಕೇಳಿದ್ದೀನಿ. "ಆಮೇಲೆ ಮಾಡ್ತೀವಿ ಸರ್" ಅಂದಿದ್ದಾರೆ. ಬರೆದದ್ದು ಇನ್ನೂ ಕೈಗೆ ಬಂದಿಲ್ಲ.