ಚನ್ನಪಟ್ಟಣದ ಮರದ ಆಟಿಕೆಯೋ, ಹಾಡುವ ಪ್ಲಾಸ್ಟಿಕ್ ಆಟಿಕೆಯೋ?

ಹತ್ತು ತಿಂಗಳ ಮಗುವಿಗೆ ಇವೆರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ, ಕಂಬಕ್ಕೆ ಬಳೆ ಪೋಣಿಸುವ ಆಟಿಕೆಯನ್ನೇ ತೆಗೆದುಕೊಳ್ಳಿ: ಈಗ ಮಗು ಬಳೆಗಳನ್ನು ಕಳಚಿ ಬಾಯಿಗಿಡುತ್ತದೆ, ಒಂದಕ್ಕೊಂದು ಕುಟ್ಟುತ್ತದೆ; ಒಂದೂವರೆ ವರ್ಷದ ಹೊತ್ತಿಗೆ ಪೋಣಿಸುತ್ತದೆ, ಮೂರು ತುಂಬುವಷ್ಟರಲ್ಲಿ ಗಾತ್ರ ನೋಡಿ ಜೋಡಿಸತೊಡಗುತ್ತದೆ. ಗುಂಡಿ ಒತ್ತಿದರೆ ಹಾಡುವ ಆಟಿಕೆಯೂ ಕಾರ್ಯಕಾರಣದ ಮೊದಲ ಪಾಠವನ್ನು ಚೆನ್ನಾಗಿಯೇ ಕಲಿಸುತ್ತದೆ, ಆದರೆ ಆ ಪಾಠ ಬೇಗ ಮುಗಿಯುತ್ತದೆ. ಅದು ಹಾಡುತ್ತಿರುವಾಗ ಮನೆಯವರು ಮಗುವಿನೊಂದಿಗೆ ಮಾತು ನಿಲ್ಲಿಸಿಬಿಡುವುದೂ ಉಂಟು.

ಸುರಕ್ಷತೆಯಲ್ಲಿ ಮರವೇ ಮೇಲೆಂದು ಭಾವಿಸಬೇಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇರುವುದರಿಂದ, ಚನ್ನಪಟ್ಟಣದ ವಸ್ತುವಿನಲ್ಲಿ ಅದು ಕಾಣದಿರಬಹುದು. ಸಿಬಿರು, ಸಡಿಲವಾದ ಮಣಿಗಳಿವೆಯೇ ಎಂದು ನೀವೇ ಕೈಯಾಡಿಸಿ ನೋಡಬೇಕು. ಪ್ಲಾಸ್ಟಿಕ್ಕಿನಲ್ಲಿ ಗುರುತಿನ ಜೊತೆಗೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು, ಏಕೆಂದರೆ ನುಂಗಿದ ಗುಂಡಿ ಬ್ಯಾಟರಿ (ಅಂಗಿಯ ಗುಂಡಿಯಂಥ ಪುಟ್ಟ ಚಪ್ಪಟೆ ಬ್ಯಾಟರಿ) ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಮರವನ್ನು ನೆನೆಸುವಂತಿಲ್ಲ, ಒರೆಸಬೇಕು. ಹಲವು ಮಕ್ಕಳು ಬಾಯಿಗಿಡುವ ಶಿಶುವಿಹಾರಕ್ಕೆ ತೊಳೆಯಬಹುದಾದ, ಬ್ಯಾಟರಿಯಿಲ್ಲದ ಪ್ಲಾಸ್ಟಿಕ್ಕೇ ಅನುಕೂಲ. ಒಂದೇ ಮಗುವಿರುವ, ಮುಂದೆ ಹುಟ್ಟುವ ತಮ್ಮನಿಗೋ ತಂಗಿಗೋ ದಾಟಿಸುವ ಯೋಚನೆಯಿರುವ ಮನೆಗೆ ಮರ ಒಪ್ಪುತ್ತದೆ. ಹಣದ ಬಿಗುವಿದ್ದರೆ ಅಡುಗೆಮನೆಯ ಸ್ಟೀಲ್ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟುಕೊಡಿ, ಆ ಸದ್ದು ತಡೆಯಲು ನಿಮ್ಮ ಕಿವಿ ಮಾತ್ರ ಗಟ್ಟಿಯಿರಲಿ.